ಪ್ರತಿಕ್ರಿಯೆ: ಬೆಲೆ ಏರಿದರೆ ಹೊಸ ಸಂಶೋಧನೆಗೆ ಯಾಕೆ ಪೆಟ್ಟು?

ಬೆಲೆ ಏರಿದರೆ ಕಂಪನಿಯ ಆದಾಯವೂ ಏರುತ್ತದೆ, ಮತ್ತೆ ಸಂಶೋಧನೆ ಯಾಕೆ ಕುಗ್ಗಬೇಕು ಅಂತ ಕೇಳಿದ್ದೀರಿ. ಒಳ್ಳೆಯ ಪ್ರಶ್ನೆ.

ಸಂಶೋಧನೆಯ ಖರ್ಚಿನಲ್ಲಿ ದೊಡ್ಡ ಪಾಲು ಸಂಬಳ. ಅದನ್ನು ತಿಂಗಳು ತಿಂಗಳು ಕೊಡಲೇಬೇಕು, ಫಲ ಬರುವುದು ಎಷ್ಟೋ ವರ್ಷಗಳ ಮೇಲೆ. ಅರ್ಧಕ್ಕೆ ನಿಂತ ಪ್ರಯೋಗವನ್ನು ಅಡವಿಟ್ಟು ಸಾಲ ಪಡೆಯುವುದೂ ಕಷ್ಟ. ಹಾಗಾಗಿ ಇಂಥ ಕಂಪನಿಗಳು ನಗದನ್ನು ಜಾಸ್ತಿ ಇಟ್ಟುಕೊಳ್ಳುತ್ತವೆ. ಹಣದುಬ್ಬರ, ಅಂದರೆ ಎಲ್ಲ ಬೆಲೆಗಳ ಏರಿಕೆ, ಕರಗಿಸುವುದು ಆ ನಗದಿನ ಬೆಲೆಯನ್ನೇ. ಮೇಲಿಂದ ಬಡ್ಡಿಯ ಏಟು ಬೇರೆ. ಅಮೆರಿಕದಲ್ಲಿ 1980ರಲ್ಲಿ ಹಣದುಬ್ಬರ ಶೇ. 13 ದಾಟಿತ್ತು. ಅದನ್ನು ಹಿಡಿಯಲು ಅಲ್ಲಿನ ಕೇಂದ್ರ ಬ್ಯಾಂಕ್ ಹೊರಟಾಗ ಮರುವರ್ಷ ಬ್ಯಾಂಕುಗಳ ನಡುವಿನ ಬಡ್ಡಿ ದರ ಶೇ. 19ರ ಆಸುಪಾಸಿಗೆ ಹೋಯಿತು. ಅಷ್ಟು ಬಡ್ಡಿ ಇದ್ದಾಗ ಹತ್ತು ವರ್ಷದ ಯೋಜನೆಗೆ ಯಾರು ಕೈ ಹಾಕುತ್ತಾರೆ? ಹೊಸತು ಹುಟ್ಟದಿದ್ದರೆ ಬೆಳವಣಿಗೆಯೂ ನಿಧಾನ, ಅಲ್ವಾ.

ಹಾಗಂತ ಬೆಲೆ ಏರಲೇಬಾರದು ಅಂತಲ್ಲ. ಅನೇಕ ಕೇಂದ್ರ ಬ್ಯಾಂಕುಗಳ ಗುರಿಯೇ ವರ್ಷಕ್ಕೆ ಶೇ. 2ರ ಬೆಲೆ ಏರಿಕೆ. ತೊಂದರೆ ಇರುವುದು ಅದು ಜೋರಾದಾಗ, ಮುಂದೇನು ಅಂತ ಊಹಿಸಲು ಆಗದಾಗ.

ಬೆಲೆ ಏರಿದರೆ ಅಸಮಾನತೆ, ಅಂದರೆ ಉಳ್ಳವರು ಇಲ್ಲದವರ ನಡುವಿನ ಅಂತರ, ಏನಾಗುತ್ತದೆ ಅನ್ನುವ ಮಾತು ಇಷ್ಟು ಸರಳ ಅಲ್ಲ. ನಗದನ್ನೇ ನಂಬಿದವರು, ಸಂಬಳ ಬೇಗ ಏರದವರು ಸೋಲುತ್ತಾರೆ. ಜಮೀನು ಇದ್ದವರು ಸಾಮಾನ್ಯವಾಗಿ ಬಚಾವು. ಆದರೆ ಸ್ಥಿರ ಬಡ್ಡಿಗೆ ಸಾಲ ಮಾಡಿದವರಿಗೆ ಲಾಭ: ಬೆಲೆಗಳು ಹುಚ್ಚೆದ್ದು ಏರಿದ 1923ರ ಜರ್ಮನಿಯಲ್ಲಿ ಹಳೆಯ ಸಾಲಗಳು ಹೆಚ್ಚುಕಡಿಮೆ ಆವಿಯಾದವು, ಜೊತೆಗೆ ಮಧ್ಯಮ ವರ್ಗದ ಉಳಿತಾಯವೂ. ಇನ್ನೊಂದು ವಿಚಿತ್ರ: ಸಂಶೋಧನೆ ಕುಗ್ಗಿ ಷೇರುದಾರರ ಲಾಭವೂ ಇಳಿದರೆ ಅಂತರ ಸ್ವಲ್ಪ ಕಡಿಮೆಯಾಗಬಹುದು. ಎಲ್ಲರೂ ಸೊರಗಿ ಸಮ ಆಗುವುದನ್ನು ನಾನಂತೂ ಸಮಾನತೆ ಅನ್ನುವುದಿಲ್ಲ.