ಬೆಂಗಳೂರಿನ ಅಂಗಡಿಯಲ್ಲಿ 1940ರ ದಶಕದ ಮಾದರಿಯನ್ನು ನೋಡಿ ಈಗ ಮಾಡಿದ ರೀಇಶ್ಯೂ ಅಕೂಸ್ಟಿಕ್ ಗಿಟಾರ್ ನೋಡಿ ಬಂದೆ, 1.2 ಲಕ್ಷ ರೂಪಾಯಿ. ಹಳೆ ಗಿಟಾರಿನ ನಾದ ಇದರಲ್ಲಿ ನಿಜವಾಗಿ ಬರುತ್ತದೆಯೇ, ಅಥವಾ 80 ಸಾವಿರದ ಸಾಮಾನ್ಯ ಮಾಡೆಲ್ ಸಾಕೇ? (ಮನೆ ಮಂಜೇಶ್ವರ, ಕಡಲಿಗೆ ಹತ್ತಿರ)

ಕಂಸದೊಳಗೆ ಹಾಕಿದ್ದೀರಲ್ಲ, ನಿಮ್ಮ ಪ್ರಶ್ನೆಯ ಮುಖ್ಯ ಭಾಗ ಅದೇ. ಉಳಿದದ್ದನ್ನು ಕಂಸದೊಳಗೆ ಹಾಕಬಹುದಿತ್ತು.

ನಾನು ಕಾಸರಗೋಡಿನ ಬದಿಯಡ್ಕದ ಕಡೆಯವ, ಕನ್ನಡ ಶಾಲೆಯಲ್ಲಿ ಮಾಷ್ಟ್ರು. 2015ರ ಫೆಬ್ರವರಿಯಲ್ಲಿ ನೀವು ಈಗ ನಿಂತಿರುವ ಜಾಗದಲ್ಲೇ ನಾನೂ ನಿಂತಿದ್ದೆ. ಆಗ ಕಾಳುಮೆಣಸಿಗೆ ಒಳ್ಳೆಯ ದರ. ಅಪ್ಪ ಎಂದೂ ಇಲ್ಲದವರು "ನಿನಗೆ ಬೇಕಾದ್ದು ಎಂತದಾದರೂ ತಕ್ಕೊ" ಅಂದರು. ಅವರ ಮನಸ್ಸಿನಲ್ಲಿದ್ದದ್ದು ಬೈಕು. ನಾನು ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೆ ಹೋಗಿ ಒಬ್ಬರ ಫ್ಲ್ಯಾಟಿನಲ್ಲಿ ಎರಡು ವರ್ಷ ಬಳಸಿದ ಒಂದು ರೀಇಶ್ಯೂ ಗಿಟಾರನ್ನು 85 ಸಾವಿರ ಎಣಿಸಿ ಕೊಟ್ಟು ತಂದೆ.

ಅಮೆರಿಕದ ಮಾರ್ಟಿನ್ ಕಂಪನಿಯ ಡಿ-28 ಗಿಟಾರು ಎರಡನೇ ಮಹಾಯುದ್ಧಕ್ಕೆ ಮುಂಚೆ ಇದ್ದ ರೂಪವನ್ನು ನೋಡಿಕೊಂಡು ಬೇರೊಂದು ಕಂಪನಿ ಮಾಡಿದ್ದು ಅದು. ಕಂಪನಿಯ ಹೆಸರು ಬೇಡ, ತಪ್ಪು ನನ್ನದು. ಎದುರಿನ ಸ್ಪ್ರೂಸ್ ಹಲಗೆಗೆ ಹಳದಿ ಬಣ್ಣ ಕೊಟ್ಟು ಮುದುಕನ ವೇಷ ಹಾಕಿದ್ದರು. ಅಂಚಿನ ಸುತ್ತ ಹೆರಿಂಗ್‌ಬೋನ್ ಕೆಲಸ. ಹೆರಿಂಗ್ ಅಂದರೆ ನಮ್ಮ ಬೂತಾಯಿಯ ನೆಂಟ, ಅದರ ಮುಳ್ಳಿನ ಸಾಲು. ಒಳಗಡೆ ಹಲಗೆಯನ್ನು ಹೊತ್ತ ಅಡ್ಡಪಟ್ಟಿಗಳನ್ನು ನಡುವೆ ಕೆತ್ತಿ ತೆಳ್ಳಗೆ ಮಾಡಿದ್ದರು. ಸ್ಕ್ಯಾಲಪ್ಡ್ ಬ್ರೇಸಿಂಗ್ ಅಂತ ನಿಮ್ಮ ಅಂಗಡಿಯವನೂ ಹೇಳಿರುತ್ತಾನೆ. ಮಾರ್ಟಿನ್‌ನವರು ಅದನ್ನು 1944ರಲ್ಲಿ ನಿಲ್ಲಿಸಿದ್ದರು ಅಂತಲೂ, 1976ರಲ್ಲಿ ಎಚ್‌ಡಿ-28 ಅನ್ನುವ ಮಾಡೆಲ್ ಮಾಡುವಾಗ ಮರಳಿ ತಂದರು ಅಂತಲೂ ಹೇಳಿರಬಹುದು. ಯಾಕೆ ನಿಲ್ಲಿಸಿದರು ಅಂತ ಮಾತ್ರ ಹೇಳಿರಲಿಕ್ಕಿಲ್ಲ. ಆಗಿನವರು ದಪ್ಪ ತಂತಿ ಹಾಕಲು ಶುರುಮಾಡಿದ್ದರು, ಕೆತ್ತಿದ ಪಟ್ಟಿಗಳು ಆ ಎಳೆತಕ್ಕೆ ತಡೆಯುತ್ತಿರಲಿಲ್ಲ, ಹಲಗೆ ಉಬ್ಬುತ್ತಿತ್ತು. ನಾವು ಹೆಚ್ಚು ದುಡ್ಡು ಕೊಟ್ಟು ಕೊಳ್ಳುವುದು ಅದೇ ಮೆದು ಹಲಗೆಯನ್ನು. ನಾದ ಚಂದ, ಅದರಲ್ಲಿ ಎರಡು ಮಾತಿಲ್ಲ.

ಆ ಫ್ಲ್ಯಾಟಿನಲ್ಲಿ ಒಂದು ಗಂಟೆ ನುಡಿಸಿದೆ. ತಂತಿ ಬೆಣ್ಣೆಯ ಹಾಗೆ ಒತ್ತಿಕೊಳ್ಳುತ್ತಿತ್ತು. ಹನ್ನೆರಡನೇ ಫ್ರೆಟ್‌ನಲ್ಲೂ ಬೆರಳಿಗೆ ಶ್ರಮವೇ ಇಲ್ಲ. ಫ್ರೆಟ್ ಅಂದರೆ ಕತ್ತಿನ ಮೇಲಿನ ಲೋಹದ ಅಡ್ಡಗೆರೆ. "ಸೆಟಪ್ ಈಗಷ್ಟೇ ಮಾಡಿಸಿದ್ದು" ಅಂದರು ಆ ಪುಣ್ಯಾತ್ಮ, ತಂತಿಯ ಎತ್ತರ ಹದ ಮಾಡಿಸಿದ್ದು ಅಂತ ಅರ್ಥ. ಸುಳ್ಳಲ್ಲ ಅದು.

ಇನ್ನು ತಪ್ಪಿನ ವಿಚಾರ. ಇದನ್ನು ಸ್ವಲ್ಪ ಉದ್ದ ಹೇಳುತ್ತೇನೆ, ಬೇಜಾರಾದರೂ ಓದಿ.

ವೀಣೆಯವರು ತಂತಿ ಕೂರುವ ಜಾಗಕ್ಕೆ ಕುದುರೆ ಅನ್ನುತ್ತಾರೆ. ಗಿಟಾರಿನಲ್ಲಿ ಅದು ಬ್ರಿಡ್ಜ್. ಕುದುರೆ ಅಂದ ಮೇಲೆ ಜೀನು ಬೇಕಲ್ಲ, ಬ್ರಿಡ್ಜಿನ ಮೇಲಿನ ಸಣ್ಣ ಬಿಳಿ ಎಲುಬಿನ ಪಟ್ಟಿಯೇ ಆ ಜೀನು, ಸ್ಯಾಡಲ್. ತಂತಿಯ ಎತ್ತರ ಹೆಚ್ಚಾಯಿತು ಅಂತಾದರೆ ಈ ಪಟ್ಟಿಯನ್ನು ತೆಗೆದು ತಳವನ್ನು ಉಜ್ಜಿ ಗಿಡ್ಡ ಮಾಡುತ್ತಾರೆ. ಲೆಕ್ಕ ಹೀಗೆ: ಹನ್ನೆರಡನೇ ಫ್ರೆಟ್ ಇರುವುದು ತಂತಿಯ ಸರಿ ಅರ್ಧದಲ್ಲಿ, ಹಾಗಾಗಿ ಅಲ್ಲಿ ಒಂದು ಮಿಲಿಮೀಟರ್ ಇಳಿಸಬೇಕಾದರೆ ಸ್ಯಾಡಲಿನಲ್ಲಿ ಎರಡು ಮಿಲಿಮೀಟರ್ ಉಜ್ಜಬೇಕು. ಸ್ಯಾಡಲ್ ಅಂದರೆ ಬ್ಯಾಂಕಿನಲ್ಲಿಟ್ಟ ದುಡ್ಡಿದ್ದ ಹಾಗೆ. ಬ್ರಿಡ್ಜಿನ ಮೇಲೆ ಮೂರು ಮಿಲಿಮೀಟರಾದರೂ ಎದ್ದು ನಿಂತಿದ್ದರೆ ಮುಂದಿನ ಕಷ್ಟಕಾಲಕ್ಕೆ ಏನೋ ಉಂಟು ಅಂತ ಲೆಕ್ಕ.

ನನ್ನದರಲ್ಲಿ ಎದ್ದು ನಿಂತಿದ್ದದ್ದು ಒಂದೂವರೆ. ಬೆಣ್ಣೆಯ ಹಾಗೆ ಒತ್ತಿಕೊಳ್ಳುತ್ತಿದ್ದದ್ದು ಗಿಟಾರಿನ ಗುಣದಿಂದ ಅಲ್ಲ, ಹಿಂದಿನವರು ಇದ್ದ ದುಡ್ಡನ್ನೆಲ್ಲ ಖರ್ಚು ಮಾಡಿ ಮುಗಿಸಿದ್ದರಿಂದ. ಆ ಪಟ್ಟಿ ನನ್ನ ಮೂಗಿನ ಕೆಳಗೇ ಇತ್ತು ಮಾರಾಯ್ರೇ. ಬೂತಾಯಿ ಮುಳ್ಳನ್ನು ನೋಡಿದೆ, ಬಿರಡೆಗಳಿಗೆ ಬಳಿದ ಹಳೆ ಹಿತ್ತಾಳೆಯ ಬಣ್ಣವನ್ನು ನೋಡಿದೆ, ತೂತಿನೊಳಗೆ ಮೊಬೈಲ್ ಬೆಳಕು ಬಿಟ್ಟು ಲೇಬಲ್ ಓದಿದೆ. ಸ್ಯಾಡಲ್ ನೋಡಲಿಲ್ಲ.

ಮೇ ಕೊನೆಯ ಪತ್ತನಾಜೆ ಕಳೆಯಿತು, ಮಳೆ ಹಿಡಿಯಿತು. ನಮ್ಮಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ದಾಟುವ ಮಳೆ, ಅದರ ಹೆಚ್ಚಿನ ಪಾಲು ಈ ಮೂರು ತಿಂಗಳಲ್ಲೇ. ಅಟ್ಟದ ಮೇಲಿನ ಅಡಿಕೆಯಿಂದ ಹಿಡಿದು ಅಮ್ಮನ ರೇಷ್ಮೆ ಸೀರೆಯವರೆಗೆ ಎಲ್ಲದಕ್ಕೂ ಬೂಷ್ಟು. ಆಟಿಯಲ್ಲಿ, ಅಂದರೆ ಜುಲೈ-ಆಗಸ್ಟಿನ ತುಳು ತಿಂಗಳಲ್ಲಿ, ಒಂದು ದಿನ ಜಗಲಿಯ ಬಾಗಿಲು ಉಬ್ಬಿ ಹಾಕಲಿಕ್ಕೇ ಆಗಲಿಲ್ಲ, ಆಚಾರಿಯವರನ್ನು ಕರೆಸಿದೆವು. ಅವರು ಕೀಸುಳಿ ಹಾಕಿ ಮುಗಿಸಿ ಚಾ ಕುಡಿಯುತ್ತಾ ಗೋಡೆಯ ಮೇಲಿನ ಗಿಟಾರ್ ನೋಡಿದರು. ಹಿಂಬದಿಯನ್ನು ಬೆರಳಿನ ಗಂಟಿನಿಂದ ತಟ್ಟಿ "ಬೀಟೆ ಅಲ್ವಾ ಇದು?" ಅಂದರು. ಹೌದು, ಬೀಟೆಯೇ. ಡಿ-28 ಗಿಟಾರಿಗೆ ಮೊದಲೆಲ್ಲ ಬ್ರೆಜಿಲ್ಲಿನ ರೋಸ್‌ವುಡ್ ಹಾಕುತ್ತಿದ್ದರು, 1969ರಲ್ಲಿ ಅದನ್ನು ಬಿಟ್ಟು ಇಂಡಿಯನ್ ರೋಸ್‌ವುಡ್‌ಗೆ ಬಂದರು. ಇಂಡಿಯನ್ ರೋಸ್‌ವುಡ್ ಅಂತ ಕ್ಯಾಟಲಾಗಿನಲ್ಲಿ ಹೊಗಳುವುದು ನಮ್ಮ ಘಟ್ಟದ ಬೀಟೆಯನ್ನು. ನಮ್ಮ ಅಜ್ಜನ ಮಂಚದ ಕಾಲು ಅದೇ ಮರದ್ದು. ನಾನು ಅದನ್ನು ಅಷ್ಟು ದುಡ್ಡು ಕೊಟ್ಟು ಹೊರದೇಶದಿಂದ ಮನೆಗೆ ತರಿಸಿದ ಹಾಗಾಯಿತು.

ಆಚಾರಿಯವರು ಗಿಟಾರನ್ನು ಮಡಿಲಲ್ಲಿ ಮಲಗಿಸಿ ತಮ್ಮ ಉಕ್ಕಿನ ಸ್ಕೇಲನ್ನು ಬ್ರಿಡ್ಜಿನ ಹಿಂದೆ ಹಲಗೆಗೆ ಅಡ್ಡ ಇಟ್ಟರು. ಸ್ಕೇಲು ತೊಟ್ಟಿಲಿನ ಹಾಗೆ ಆಚೆ ಈಚೆ ತೂಗಿತು. "ಮಾಷ್ಟ್ರೇ, ನಿಮ್ಮ ಬಾಗಿಲಿಗೂ ಇದಕ್ಕೂ ಒಂದೇ ಕಾಯಿಲೆ. ಬಾಗಿಲಿಗಾದರೆ ಕೀಸುಳಿ ಹಾಕಬಹುದು."

ಮರ ನೀರಿನ ಪಸೆ ಕುಡಿದರೆ ಅಡ್ಡಕ್ಕೆ ಹಿಗ್ಗುತ್ತದೆ, ಉದ್ದಕ್ಕಲ್ಲ. ಗಿಟಾರಿನ ಹಲಗೆಯನ್ನು ಸುತ್ತಲೂ ಅಂಟಿಸಿರುವುದರಿಂದ ಹಿಗ್ಗಲು ಬದಿಯಲ್ಲಿ ಜಾಗವಿಲ್ಲ, ಹೊಟ್ಟೆ ಮುಂದಕ್ಕೆ ಬರುತ್ತದೆ. ಹೊಟ್ಟೆಯ ಜತೆಗೆ ಕುದುರೆಯೂ, ಕುದುರೆಯ ಜತೆಗೆ ತಂತಿಯೂ ಮೇಲೆ. ಆ ದಿನ ಅಳೆದಾಗ ಆರನೇ ತಂತಿ ಹನ್ನೆರಡನೇ ಫ್ರೆಟ್ ಮೇಲೆ 3.8 ಮಿಲಿಮೀಟರ್ ಇತ್ತು. ಇರಬೇಕಾದ್ದು 2.4ರ ಹತ್ತಿರ. ಅಂದರೆ ಸ್ಯಾಡಲಿನಲ್ಲಿ 2.8 ಉಜ್ಜಬೇಕು, ಇರುವುದೇ 1.5. ಇಲ್ಲದ ಎಲುಬನ್ನು ಉಜ್ಜುವುದು ಹೇಗೆ?

ನಮ್ಮ ಮಾವ ಮದ್ದಳೆ ಬಾರಿಸುವವರು. ಅವರು ಕೇಳಿದ್ದು ಸರಿಯಾದ ಪ್ರಶ್ನೆ: "ಮಳೆಗಾಲದಲ್ಲಿ ಮದ್ದಳೆಯೂ ಇಳಿಯುತ್ತದೆ, ನಾವು ಬಿಗಿಯುತ್ತೇವೆ. ನಿನ್ನದರಲ್ಲಿ ಬಿಗಿಯಲಿಕ್ಕೆ ಎಂತ ಉಂಟು?" ಕತ್ತಿನೊಳಗೆ ಟ್ರಸ್ ರಾಡ್ ಅಂತ ತಿರುಗಿಸುವ ಉಕ್ಕಿನ ಕಂಬಿ ಉಂಟು ಅಂದೆ. ಒಂದು ವಾರ ಅದನ್ನೇ ತಿರುಗಿಸಿದೆ. ಅದು ಸರಿಮಾಡುವುದು ಕತ್ತಿನ ಬಾಗನ್ನು ಮಾತ್ರ. ಕತ್ತು ಹೊಟ್ಟೆಗೆ ಸೇರುವ ಕೋನ ಕೆಟ್ಟಿದ್ದರೆ ಎಷ್ಟು ತಿರುಗಿಸಿದರೂ ಕೆಳಗಿನ ಫ್ರೆಟ್‌ಗಳಲ್ಲಿ ತಂತಿ ಕರಕರ ಅನ್ನುತ್ತದೆಯೇ ಹೊರತು ಮೇಲಿನ ಎತ್ತರ ಇಳಿಯುವುದಿಲ್ಲ.

ಮುಂದಿನ ಜನವರಿಯಲ್ಲಿ ಹಲಗೆ ಒಣಗಿದ ಮೇಲೂ ತಂತಿ 3.1ರಲ್ಲೇ ನಿಂತಿತು. ಆರು ತಂತಿ ಸೇರಿ ಸುಮಾರು 75 ಕಿಲೋದ ಎಳೆತ, ಒಂದೂವರೆ ಮೂಟೆ ಅಕ್ಕಿ ಹಗಲೂ ರಾತ್ರಿ ನೇತುಹಾಕಿದ ಹಾಗೆ. ಮೊದಲೇ ಬಾಗಿದ್ದ ಕೋನ ಒಂದು ಮಳೆಗಾಲದಲ್ಲಿ ಇನ್ನಷ್ಟು ಬಾಗಿತ್ತು. ಕೊನೆಗೆ ಬೆಂಗಳೂರಿನ ರಿಪೇರಿಯವರೊಬ್ಬರು ಕೀಲಿಗೆ ಹಬೆ ಬಿಟ್ಟು ಕತ್ತನ್ನು ಕಳಚಿ, ಕೋನ ತಿದ್ದಿ ಮತ್ತೆ ಕೂರಿಸಿದರು. ನೆಕ್ ರೀಸೆಟ್. 22 ಸಾವಿರ ರೂಪಾಯಿ, ಎರಡು ತಿಂಗಳು. ಹೋಗಿಬರುವ ಖರ್ಚು ಬೇರೆ. ಅಪ್ಪ ಏನೂ ಹೇಳಲಿಲ್ಲ. ರಸ್ತೆಯಲ್ಲಿ ಬೈಕು ಹೋದಾಗಲೆಲ್ಲ ಒಮ್ಮೆ ನನ್ನನ್ನು ನೋಡುತ್ತಿದ್ದರು, ಅಷ್ಟೇ.

ಈಗ ನಿಮ್ಮ ಪ್ರಶ್ನೆ. ಹಳೆ ನಾದ ಬರುತ್ತದೆಯೇ ಅಂದರೆ, ಬರುವುದಿಲ್ಲ. 1940ರ ಗಿಟಾರ್ 1940ರಲ್ಲಿ ಹೊಸ ಗಿಟಾರೇ ಆಗಿತ್ತು. ನಿಮಗೆ ಇಷ್ಟವಾಗಿರುವುದು ಅದು 80 ವರ್ಷ ಒಣಗಿದ ಮೇಲಿನ ಧ್ವನಿ. ಅಂಗಡಿಯಲ್ಲಿರುವುದು ಹಳೆಯ ನಕ್ಷೆ ಇಟ್ಟುಕೊಂಡು ಮೊನ್ನೆ ಮಾಡಿದ್ದು. ಒಳ್ಳೆಯದೇ ಇರಬಹುದು, ಹಳೆಯದಲ್ಲ.

ಇನ್ನೊಂದು ನನಗೆ ನಗು ಬರುವ ವಿಷಯ. ಯುದ್ಧಕಾಲದಲ್ಲಿ ಲೋಹಕ್ಕೆ ಬರ ಬಂದು ಮಾರ್ಟಿನ್‌ನವರು ಕತ್ತಿನೊಳಗೆ ಉಕ್ಕಿನ ಬದಲು ಎಬೊನಿ ಮರದ ಪಟ್ಟಿ ಹಾಕಿದರು. 1942ರಲ್ಲಿ 45 ಡಾಲರಿಗೆ ಬಂದ ಗಿಬ್ಸನ್ ಕಂಪನಿಯ ಜೆ-45 ಗಿಟಾರುಗಳಲ್ಲೂ ಕೆಲವಕ್ಕೆ ಟ್ರಸ್ ರಾಡ್ ಇಲ್ಲ. ಮಾರ್ಟಿನ್‌ನವರು ತಿರುಗಿಸಲು ಬರುವ ರಾಡ್ ಹಾಕಿದ್ದೇ 1985ರಲ್ಲಿ. ಅವರ ಆಗಿನ ಅನಿವಾರ್ಯವನ್ನು ಈಗ ಕೆಲವು ಅತಿನಿಷ್ಠೆಯ ರೀಇಶ್ಯೂಗಳಲ್ಲಿ ವಿಶೇಷ ಅಂತ ಮಾರುತ್ತಾರೆ. ಚಳಿದೇಶದವರು ಬೇಕಾದರೆ ಕೊಳ್ಳಲಿ. ಮಂಜೇಶ್ವರದಲ್ಲಿ ತಿರುಗಿಸಲು ಬಾರದ ಕಂಬಿಯ ಗಿಟಾರ್ ಇಟ್ಟುಕೊಳ್ಳುವುದು ಅಂದರೆ ಮಳೆಗಾಲಕ್ಕೆ ಕೊಡೆ ಇಲ್ಲದೆ ಹೊರಟ ಹಾಗೆ. ಅಂಗಡಿಯವನನ್ನು ಮೊದಲು ಅದನ್ನೇ ಕೇಳಿ.

ಎರಡನೆಯದು, ಹೈಡ್ ಗ್ಲೂ ಅಂತ ಹೇಳಿದರೆ ಮರುಳಾಗಬೇಡಿ. ಅದು ಪ್ರಾಣಿಯ ಚರ್ಮದಿಂದ ತೆಗೆದ ಗೋಂದು. ಬಿಸಿಗೂ ಹಬೆಗೂ ಬಿಟ್ಟುಕೊಳ್ಳುತ್ತದೆ. ರಿಪೇರಿಯವರಿಗೆ ಅದರಿಂದ ಅನುಕೂಲ, ಏಪ್ರಿಲ್ ಬಿಸಿಲಿಗೆ ನಿಲ್ಲಿಸಿದ ಕಾರಿನ ಡಿಕ್ಕಿಯಲ್ಲಿ ಇಡುವವರಿಗೆ ಅಲ್ಲ.

ಒಂದಕ್ಕೆ ಮಾತ್ರ ನಾನೂ ದುಡ್ಡು ಕೊಟ್ಟೇನು: ಟೊರಿಫೈಡ್ ಹಲಗೆ. ಗಾಳಿಯ ಆಮ್ಲಜನಕ ಕಡಿಮೆ ಇರುವ ಒಲೆಯಲ್ಲಿ ಮರವನ್ನು ಹುರಿದ ಹಾಗೆ ಕಾಯಿಸುತ್ತಾರೆ. ಹಳೆ ನಾದಕ್ಕೆ ಅಂತ ಅವರ ಪ್ರಚಾರ, ಆದರೆ ಹಾಗೆ ಹುರಿದ ಮರ ನೀರಿನ ಪಸೆ ಕುಡಿಯುವುದು ಕಡಿಮೆ. ನಮಗೆ ಬೇಕಾದ್ದು ಅದೇ. ನೀವು ನೋಡಿದ ಗಿಟಾರಿನಲ್ಲಿ ಅದಿದ್ದರೆ ನನ್ನ ವಿರೋಧ ಅರ್ಧ ಕಡಿಮೆ.

ಕತ್ತಿನ ಹಿಂಬದಿ ವಿ ಆಕಾರದ್ದಾದರೆ ಅರ್ಧ ಗಂಟೆ ಬಾರ್ ಕಾರ್ಡ್, ಅಂದರೆ ಒಂದೇ ಬೆರಳನ್ನು ಎಲ್ಲ ತಂತಿಗಳ ಮೇಲೆ ಒತ್ತುವ ಸ್ವರಗುಚ್ಛ, ಹಿಡಿದು ನೋಡಿ, ಹೆಬ್ಬೆರಳಿನ ಬುಡವೇ ಉತ್ತರ ಹೇಳುತ್ತದೆ.

80 ಸಾವಿರದ್ದು ಸಾಕೇ ಅಂದಿರಿ. ನನ್ನನ್ನು ಕೇಳಿದರೆ ಅದೂ ಹೆಚ್ಚು. ಕಡಲಿನಿಂದ ಕೂಗಳತೆಯಲ್ಲಿ ಮನೆ ಇರುವವರು 40 ಸಾವಿರದ ಒಳಗೆ ಸಾಲಿಡ್ ಟಾಪ್, ಅಂದರೆ ಎದುರಿನ ಹಲಗೆ ಪದರವಿಲ್ಲದ ಇಡೀ ಮರದ್ದಾಗಿರುವ, ಹಿಂಬದಿ ಬದಿಗಳು ಪದರ ಮರದ್ದಾಗಿರುವ ಗಿಟಾರ್ ಕೊಂಡು ಉಳಿದದ್ದರಲ್ಲಿ ಒಳ್ಳೆಯ ಹಾರ್ಡ್ ಕೇಸು, ತೇವ ಅಳೆಯುವ ಮೀಟರು, ಒಂದು ಡಿಹ್ಯೂಮಿಡಿಫೈಯರ್ ತೆಗೆದುಕೊಂಡರೆ ಜಾಣರು. ಗಿಟಾರಿಗೆ ಹಿತವಾದ ತೇವಾಂಶ 45ರಿಂದ 55 ಪ್ರತಿಶತ. ನನ್ನ ಮೀಟರು ಜುಲೈಯಲ್ಲಿ ಜಗಲಿಯಲ್ಲಿ 88 ತೋರಿಸಿದೆ. ಪದರ ಮರಕ್ಕೆ ನಾದ ಕಡಿಮೆ ಅನ್ನುವವರು ಆಟಿಯಲ್ಲಿ ಒಮ್ಮೆ ಎರಡನ್ನೂ ಪಕ್ಕಪಕ್ಕ ಇಟ್ಟು ನುಡಿಸಲಿ.

ಇಷ್ಟು ಹೇಳಿದರೂ ನೀವು ಆ ರೀಇಶ್ಯೂವನ್ನೇ ಕೊಳ್ಳುತ್ತೀರಿ ಅಂತ ಗೊತ್ತುಂಟು, ನಾನೂ ಯಾರ ಮಾತನ್ನೂ ಕೇಳಿರಲಿಲ್ಲ. ಹಾಗಾದರೆ ಚೀಲದಲ್ಲಿ ಒಂದು 60 ಸೆಂಟಿಮೀಟರಿನ ಉಕ್ಕಿನ ಸ್ಕೇಲು ಹಾಕಿಕೊಂಡು ಹೋಗಿ. ತಂತಿಗಳ ನಡುವೆ, ಫ್ರೆಟ್‌ಗಳ ಮೇಲೆ ಅದನ್ನು ಮಲಗಿಸಿ ಬ್ರಿಡ್ಜಿನ ಕಡೆಗೆ ಸರಿಸಿ. ತುದಿ ಬ್ರಿಡ್ಜಿನ ತಲೆಯನ್ನು ಸವರಿಕೊಂಡು ಹೋದರೆ ಕೋನ ಸರಿಯಿದೆ. ಮುಂಭಾಗಕ್ಕೆ ಢಿಕ್ಕಿ ಹೊಡೆದು ನಿಂತರೆ ಬೆಲೆ ಮಾತಾಡಲೇಬೇಡಿ, ಎದ್ದು ಬನ್ನಿ. ಆಮೇಲೆ ಸ್ಯಾಡಲ್ ಎಷ್ಟು ಎದ್ದಿದೆ ನೋಡಿ. ಹೊಸ ಗಿಟಾರಾದರೂ ನೋಡಿ, ಶೋರೂಮಿನ ಏಸಿಯಲ್ಲಿ ಬೇಸಗೆಯಲ್ಲಿ ಎಲ್ಲವೂ ಸಪೂರವಾಗಿಯೇ ಇರುತ್ತದೆ. ಸ್ಕೇಲು ತೆಗೆದ ಕೂಡಲೇ ಅಂಗಡಿಯವನ ಮುಖ ಸಣ್ಣದಾದರೆ ಅದನ್ನೂ ಅಳತೆಗೆ ಸೇರಿಸಿಕೊಳ್ಳಿ.

ನನ್ನದು ಈಗ ಅಮ್ಮನ ಸೀರೆ ಕಪಾಟಿನಲ್ಲಿದೆ. ಸೀರೆಗಳಿಗೆ ಬೂಷ್ಟು ಹಿಡಿಯದಿರಲಿ ಅಂತ ಅಲ್ಲೊಂದು 15 ವಾಟಿನ ಬಲ್ಬು ಉರಿಯುತ್ತದೆ, ಗಿಟಾರಿಗೂ ಅದೇ ಆಸರೆ. ಬಲ್ಬಿನಿಂದ ಎರಡು ಅಡಿ ದೂರ, ಪಕ್ಕದಲ್ಲಿ ಮೀಟರು. 60 ದಾಟಿದರೆ ತಂತಿಯನ್ನು ಒಂದು ಸ್ವರ ಕೆಳಗಿಳಿಸುತ್ತೇನೆ. ತೆಗೆದಾಗಲೆಲ್ಲ ಸ್ವಲ್ಪ ನ್ಯಾಫ್ತಲೀನ್ ಗುಳಿಗೆಯ ವಾಸನೆ ಬರುತ್ತದೆ.

ಬದಿಯಡ್ಕದ ಕಡೆ ಬರುವುದಿದ್ದರೆ ಕೊಳ್ಳುವ ಮೊದಲು ನುಡಿಸಿ ನೋಡಿ. ಫೆಬ್ರವರಿಯಲ್ಲಿ ಮಾತ್ರ ಬರಬೇಡಿ. ಆಟಿಯಲ್ಲಿ ಬನ್ನಿ, ಜಗಲಿಯ ಬಾಗಿಲನ್ನು ಸ್ವಲ್ಪ ಜೋರಾಗಿ ದೂಡಬೇಕಾಗುತ್ತದೆ.