26 ಡೈವ್ ಆಗಿರುವ ರೆಗ್ಯುಲೇಟರ್‌ಗೆ 13,570 ರೂಪಾಯಿ ಸರ್ವಿಸ್ ಬಿಲ್ ನ್ಯಾಯವಾ?

ನೀವು ಮೂರು ವರ್ಷದ ಹಿಂದೆ 42,000 ಕೊಟ್ಟು ಸ್ಕೂಬಾ ರೆಗ್ಯುಲೇಟರ್ ಸೆಟ್ (ನೀರಿನಡಿ ಸಿಲಿಂಡರಿನ ಗಾಳಿ ಬಾಯಿಗೆ ಕೊಡುವ ಸಾಮಾನು) ತಗೊಂಡಿದ್ದೀರಿ. ನೇತ್ರಾಣಿ, ಅಂಡಮಾನ್ ಎಲ್ಲ ಸೇರಿ 26 ಡೈವ್ ಆಗಿದೆ. ಈಗ ಸರ್ವಿಸ್‌ಗೆ 13,570 ಅಂದಿದ್ದಾರೆ. "ಆಕ್ಟೋಪಸ್ (ಜೊತೆಗಾರನಿಗೆ ಅಂತ ಇರುವ ಹೆಚ್ಚುವರಿ ಬಾಯಿ ತುಂಡು) ಒಂದು ಸಲವೂ ಬಾಯಿಗೆ ಇಟ್ಟಿಲ್ಲ, ಅದಕ್ಕೂ ಯಾಕೆ ದುಡ್ಡು? ನಾನೇ ಬಿಚ್ಚಿ ಓ-ರಿಂಗ್ (ಗಾಳಿ ಸೋರದಂತೆ ತಡೆಯುವ ರಬ್ಬರ್ ರಿಂಗು) ಹಾಕಿಕೊಂಡರೆ ಆಗಲ್ವಾ?" ಅಂತ ಕೇಳಿದ್ದೀರಿ. ಮುರುಡೇಶ್ವರದ ಕಡೆ ಹತ್ತು ವರ್ಷದಿಂದ ಇದೇ ಸಾಮಾನು ಬಿಚ್ಚಿ ಜೋಡಿಸುವ ಕೆಲಸ ನನ್ನದು. ಬಿಲ್ ಜಾಸ್ತಿ ಅನಿಸುವುದು ಸಹಜ. ಆದರೆ ಅದರಲ್ಲಿ ಮೋಸ ಕಾಣುತ್ತಿಲ್ಲ.

ನೀವು ಹಾಕಿರುವ ಲೆಕ್ಕ ನೋಡಿದೆ. ಸಿಲಿಂಡರಿಗೆ ಸಿಕ್ಕಿಸುವ ಫಸ್ಟ್ ಸ್ಟೇಜಿನ ಕಿಟ್, ಅಂದರೆ ಬದಲಿಸುವ ಸಣ್ಣ ಭಾಗಗಳು, 3,200. ಬಾಯಿಗೆ ಇಡುವ ಸೆಕೆಂಡ್ ಸ್ಟೇಜಿನ ಕಿಟ್ 1,900ರಂತೆ ಎರಡು, ಒಂದು ನಿಮ್ಮದಕ್ಕೆ, ಇನ್ನೊಂದು ಆಕ್ಟೋಪಸ್‌ಗೆ. ಕೂಲಿ ಒಂದೊಂದಕ್ಕೆ 1,500ರಂತೆ ಮೂರಕ್ಕೆ 4,500. ಮೇಲೆ 18% ಜಿಎಸ್‌ಟಿ. ಸೆಟ್ ಅಂದರೆ ಒಂದು ಸಾಮಾನಲ್ಲ, ಮೂರು. ಬಹಳಷ್ಟು ಕಡೆ ಕೂಲಿ ಹೀಗೆ ಸ್ಟೇಜ್ ಲೆಕ್ಕದಲ್ಲೇ ಹಾಕುತ್ತಾರೆ. ಕಿಟ್ ಹೊರದೇಶದಿಂದ ಬರುತ್ತದೆ, ಆ ಮಾಡೆಲ್‌ಗೆ ಆ ಕಿಟ್ಟೇ ಬೇಕು. ಅಂಗೈಯಲ್ಲಿ ಹಿಡಿದರೆ ನಾಲ್ಕು ರಬ್ಬರ್ ರಿಂಗು, ಒಂದು ಫಿಲ್ಟರ್, ಒಂದು ಪ್ಲಾಸ್ಟಿಕ್ ಬಿಲ್ಲೆ. ಇಷ್ಟಕ್ಕೆ ಇಷ್ಟಾ ಅಂತ ಯಾರಿಗಾದರೂ ಅನಿಸುತ್ತದೆ.

ಆ ಬಿಲ್ಲೆಯನ್ನೇ ಸೀಟ್ ಅನ್ನುವುದು. ಸಿಲಿಂಡರಿನ 200 ಬಾರ್ ಒತ್ತಡವನ್ನು ಫಸ್ಟ್ ಸ್ಟೇಜ್ ಸುಮಾರು 9.5 ಬಾರ್‌ಗೆ ಇಳಿಸುತ್ತದೆ. ಲೋಹದ ಒಂದು ತೆಳುವಾದ ಅಂಚು ಸೀಟ್ ಮೇಲೆ ಕೂತು ಗಾಳಿ ತಡೆಯುತ್ತದೆ, ನೀವು ಉಸಿರೆಳೆದಾಗ ಏಳುತ್ತದೆ. ನಿಮಿಷಕ್ಕೆ 15 ಉಸಿರು ಅಂದರೂ 45 ನಿಮಿಷದ ಡೈವ್‌ಗೆ 675 ಸಲ. 26 ಡೈವ್‌ಗೆ ಹದಿನೇಳು ಸಾವಿರ ದಾಟಿತು. ಹಳೇ ಸೀಟನ್ನು ಭೂತಗನ್ನಡಿಯಲ್ಲಿ ನೋಡಿದರೆ ಬಳೆ ಒತ್ತಿದ ಹಾಗೆ ಒಂದು ದುಂಡನೆ ಗೆರೆ ಕಾಣುತ್ತದೆ. ಗೆರೆ ಸಮನಾಗಿದ್ದರೆ ಚಿಂತೆಯಿಲ್ಲ. ಎಲ್ಲಾದರೂ ಕಚ್ಚು ಬಿದ್ದಿದ್ದರೆ ಅಲ್ಲಿಂದ ಗಾಳಿ ಸೋರುತ್ತದೆ.

ಈಗ ಆಕ್ಟೋಪಸ್ ವಿಷಯ. ಸೆಕೆಂಡ್ ಸ್ಟೇಜ್ ಒಳಗೆ ಒಂದು ಮೆತ್ತನೆ ರಬ್ಬರ್ ಸೀಟ್ ಇರುತ್ತದೆ. ಬೀರುವಿನಲ್ಲಿ ಸುಮ್ನೆ ಇಟ್ಟಿದ್ದರೂ ಸ್ಪ್ರಿಂಗ್ ಅದನ್ನು ಅಂಚಿಗೆ ಒತ್ತುತ್ತಲೇ ಇರುತ್ತದೆ. ವಾರಗಟ್ಟಲೆ, ತಿಂಗಳುಗಟ್ಟಲೆ. ಬಳಸದೇ ಇದ್ದರೂ ಅದು ಸವೆಯುತ್ತದೆ. ಅಟಾಮಿಕ್ ಕಂಪನಿಯವರು ಗಾಳಿ ಇಲ್ಲದಾಗ ಅಂಚು ಹಿಂದೆ ಸರಿಯುವ ಹಾಗೆ ಮಾಡಿದ್ದಾರೆ. ಅದಕ್ಕೇ ಅವರು ಹೆಚ್ಚಿನ ಮಾಡೆಲ್‌ಗಳಿಗೆ 2 ವರ್ಷ ಅಥವಾ 300 ಡೈವ್ ಅಂತ ಹೇಳುವುದು. ಬಹಳಷ್ಟು ಕಂಪನಿಗಳದ್ದು ಒಂದೆರಡು ವರ್ಷ ಅಥವಾ 100 ಡೈವ್. ಇನ್ನೊಂದು, ಆಕ್ಟೋಪಸ್ ನಿಮ್ಮ ಪಕ್ಕದಲ್ಲಿ ನೇತಾಡಿಕೊಂಡು ಮರಳು, ಉಪ್ಪು ಎಲ್ಲ ಒಳಗೆ ತುಂಬಿಕೊಂಡಿರುತ್ತದೆ. ನಿಮ್ಮ ಜೊತೆಗಾರನ ಗಾಳಿ ಮುಗಿದ ದಿನ ಅವನ ಬಾಯಿಗೆ ಹೋಗುವುದು ಅದೇ ಅಲ್ವಾ? ದಯವಿಟ್ಟು ಅದನ್ನು ಬಿಡಬೇಡಿ.

ಕೂಲಿ ಯಾಕೆ ಅನ್ನುವುದಕ್ಕೆ ಒಂದು ಘಟನೆ ಹೇಳುತ್ತೇನೆ. ಎರಡು ಸೀಸನ್ ಹಿಂದೆ ಒಬ್ಬರು ಹೊಸದಾಗಿ ಸರ್ವಿಸ್ ಮಾಡಿಸಿದ ಸೆಟ್ ತಂದಿದ್ದರು. ನೇತ್ರಾಣಿಗೆ ಹೊರಟ ಬೋಟಿನಲ್ಲಿ ಸಿಲಿಂಡರ್ ತೆರೆದಾಗ ಎಲ್ಲ ಸರಿ ಇತ್ತು. ಐದು ನಿಮಿಷ ಬಿಟ್ಟು ಸೆಕೆಂಡ್ ಸ್ಟೇಜಿನಿಂದ ಸಣ್ಣಗೆ ಸುಯ್ ಅನ್ನುವ ಸದ್ದು. ಒತ್ತಡ ಅಳೆಯುವ ನನ್ನ ಗೇಜ್ ಹಾಕಿದೆ. ಮುಳ್ಳು 9.5ರಲ್ಲಿ ನಿಲ್ಲಲಿಲ್ಲ. 10, 11, 12 ಅಂತ ಮೆಲ್ಲಗೆ ಏರುತ್ತಲೇ ಹೋಯಿತು. ಅವರಿಗೆ ನಮ್ಮ ಸೆಟ್ ಕೊಟ್ಟು ಇಳಿಸಿದೆವು. ಸಂಜೆ ಬಿಚ್ಚಿ ನೋಡಿದರೆ ಸೀಟ್ ಹೊಸದೇ. ಆದರೆ ಸೀಟ್ ಮೇಲೆ ಕೂರುವ ಆ ಲೋಹದ ಅಂಚಿನ (ಪಿಸ್ಟನ್ ಅಂಚು) ಮೇಲೆ ಕೂದಲೆಳೆಯಷ್ಟು ಗೀರು. ಓ-ರಿಂಗ್ ತೆಗೆಯಲು ಯಾರೋ ಸ್ಟೀಲ್ ಸೂಜಿ ಹಾಕಿದ್ದರು. ಅದಕ್ಕೆ ಹಿತ್ತಾಳೆ ಅಥವಾ ಪ್ಲಾಸ್ಟಿಕ್ ಕಡ್ಡಿಯೇ ಬೇಕು. ರೆಗ್ಯುಲೇಟರ್ ಕೆಟ್ಟರೆ ಸಾಮಾನ್ಯವಾಗಿ ಗಾಳಿ ನಿಲ್ಲುವುದಿಲ್ಲ, ಬದಲಿಗೆ ಸುರಿಯಲು ಶುರುವಾಗುತ್ತದೆ. ಅದೊಂದು ಪುಣ್ಯ. ಆದರೆ ಹದಿನೆಂಟು ಮೀಟರ್ ಆಳದಲ್ಲಿ ಹಾಗೆ ಸುರಿದರೆ ಸಿಲಿಂಡರ್ ಕೆಲವೇ ನಿಮಿಷದಲ್ಲಿ ಖಾಲಿ.

ಹಾಗಾಗಿ ತರಬೇತಿ ಇಲ್ಲದೆ ನೀವೇ ಬಿಚ್ಚುವುದು ಬೇಡ ಅನ್ನುತ್ತೇನೆ. ಪರೀಕ್ಷೆ ಮಾತ್ರ ನೀವೇ ಮಾಡಬಹುದು. ಜಾಕೆಟ್‌ಗೆ ಗಾಳಿ ತುಂಬುವ ಪೈಪಿಗೆ ಸಿಕ್ಕಿಸುವ ಗೇಜ್ ಸಿಗುತ್ತದೆ, ಸರ್ವಿಸ್ ಬಿಲ್ಲಿಗೆ ಹೋಲಿಸಿದರೆ ಅಗ್ಗ. ಸಿಲಿಂಡರ್ ತೆರೆದು ನಾಲ್ಕೈದು ಸಲ ಉಸಿರಾಡಿ, ಆಮೇಲೆ ಹತ್ತು ನಿಮಿಷ ಮುಳ್ಳು ನೋಡುತ್ತಾ ಕೂರಿ. ನಿಂತಲ್ಲೇ ನಿಂತರೆ ಒಳ್ಳೆಯದು. ಸಿಲಿಂಡರಿಗೆ ಹಾಕುವ ಮೊದಲು ಫಸ್ಟ್ ಸ್ಟೇಜಿಗೆ ಗಾಳಿ ಹೋಗುವ ಬಾಯಿಯ ಡಸ್ಟ್ ಕ್ಯಾಪ್ ಮುಚ್ಚಿ, ಸೆಕೆಂಡ್ ಸ್ಟೇಜನ್ನು ಬಾಯಿಂದ ಎಳೆದು ನೋಡಿ. ಗಾಳಿ ಬರಬಾರದು. ಬಂದರೆ ಎಲ್ಲೋ ತೂತಿದೆ, ಅಲ್ಲಿಂದ ನೀರೂ ಬರುತ್ತದೆ.

ನಿಮ್ಮ ವಿಷಯಕ್ಕೆ ಬಂದರೆ, ಮೂರು ವರ್ಷ ಆಗಿದೆ, ಈ ಸಲ ಪೂರ್ತಿ ಮಾಡಿಸಿ. ಡೈವ್ ಕಡಿಮೆ ಆಗಿದ್ದರೂ ಒಳಗಿನ ಗ್ರೀಸ್ ಒಣಗಿರಬಹುದು. ಮಳೆಗಾಲದಲ್ಲಿ ಕೊಡಿ, ಆಗ ನೇತ್ರಾಣಿ ಬಂದ್, ಯಾರಿಗೂ ಅವಸರ ಇರುವುದಿಲ್ಲ. ಹಳೇ ಸೀಟ್, ಓ-ರಿಂಗ್ ವಾಪಸ್ ಕೇಳಿ. ಬಿಲ್ ಮೇಲೆ ಕೊನೆಗೆ ಒತ್ತಡ ಎಷ್ಟಕ್ಕೆ ನಿಲ್ಲಿಸಿದರು ಅಂತ ಬರೆಸಿಕೊಳ್ಳಿ. ಒಳ್ಳೆ ಕೆಲಸದವರು ಬೇಸರ ಮಾಡಿಕೊಳ್ಳಲ್ಲ. ಸರ್ವಿಸ್ ಆದ ಮೇಲೆ ಮೊದಲ ಡೈವ್ ಈಜುಕೊಳದಲ್ಲೋ ನಾಲ್ಕೈದು ಮೀಟರ್ ನೀರಲ್ಲೋ ಇರಲಿ.

ಇನ್ನೊಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. 13,570ನ್ನು 26ಕ್ಕೆ ಹಂಚಿದರೆ ಡೈವ್‌ಗೆ ಸುಮಾರು 520 ರೂಪಾಯಿ. 2 ವರ್ಷಕ್ಕೊಮ್ಮೆ ಮಾಡಿಸಿದರೆ ನಿಮ್ಮ ಲೆಕ್ಕದಲ್ಲಿ 800 ಹತ್ತಿರ ಆಗುತ್ತದೆ. ವರ್ಷಕ್ಕೆ ಎಂಟು ಒಂಬತ್ತು ಡೈವ್ ಮಾತ್ರ ಅಂದರೆ ಬಾಡಿಗೆ ಸಾಮಾನೇ ಸಾಕಿತ್ತು. ಇನ್ಮುಂದೆ ಜಾಸ್ತಿ ಹೋಗುವ ಆಲೋಚನೆ ಇದ್ದರೆ ಇಟ್ಟುಕೊಳ್ಳಿ.

ಇವತ್ತೇ ಒಂದು ಕೆಲಸ ಮಾಡಿ. ಡಸ್ಟ್ ಕ್ಯಾಪ್ ತೆಗೆದು, ಗಾಳಿ ಒಳಗೆ ಹೋಗುವ ಕಡೆ ಟಾರ್ಚ್ ಬಿಟ್ಟು ಫಿಲ್ಟರ್ ನೋಡಿ. ಬೆಳ್ಳಗೆ ಹೊಳೆಯುತ್ತಿದ್ದರೆ ನೀವು ಚೆನ್ನಾಗಿ ನೋಡಿಕೊಂಡಿದ್ದೀರಿ. ಕೆಂಪು ಪುಡಿ ಇದ್ದರೆ ಅದು ಯಾವುದೋ ಸ್ಟೀಲ್ ಸಿಲಿಂಡರಿನ ತುಕ್ಕು. ಹಸಿರು ಇದ್ದರೆ ಒಳಗೆ ನೀರು ಹೋಗಿದೆ, ಸಾಮಾನ್ಯವಾಗಿ ಕ್ಯಾಪ್ ಮುಚ್ಚದೆ ತೊಳೆದದ್ದರಿಂದ. ಹಾಗಿದ್ದರೆ ಮಳೆಗಾಲದವರೆಗೆ ಕಾಯಬೇಡಿ, ಈ ವಾರವೇ ಕೊಡಿ.