ಕಡಲಿಲ್ಲದ ಊರಿನಲ್ಲಿ ಕಪ್ಪೆಚಿಪ್ಪು

"ಸಂಪಾದಕರೇ, ಕಳೆದ ತಿಂಗಳು ನಮ್ಮ ದಾವಣಗೆರೆಯಲ್ಲಿ ನಡೆದ ಸಮೂಹ ಚಿತ್ರಕಲಾ ಪ್ರದರ್ಶನ ನೋಡಿದೆ. ಒಂಬತ್ತು ಜನ ಕಲಾವಿದರು. ಗೋಡೆ ತುಂಬ ಶಂಖ, ಕವಡೆ, ಕಪ್ಪೆಚಿಪ್ಪು. ಕೈ ಪಳಗಿದೆ, ಇಲ್ಲ ಅನ್ನುವುದಿಲ್ಲ. ಆದರೆ ನಮ್ಮೂರಿಗೆ ಕಡಲೆಲ್ಲಿದೆ? ಒಂದು ಮೆಕ್ಕೆಜೋಳದ ತೆನೆ ಇಲ್ಲ, ಗಿರಣಿ ಚಿಮಣಿ ಇಲ್ಲ, ಮಂಡಕ್ಕಿ ಭಟ್ಟಿ ಇಲ್ಲ. ಕಡಲು ಕಾಣದವರು ಕಡಲಿನ ಚಿತ್ರ ಬರೆದರೆ ಅದು ಎರವಲು ಕಲೆ ಅಲ್ಲವೇ?"
— ನಿವೃತ್ತ ಶಿಕ್ಷಕರೊಬ್ಬರು, ದಾವಣಗೆರೆ

ಮೇಷ್ಟ್ರೇ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಬಿಸಿಲಲ್ಲಿ ಪ್ರದರ್ಶನಕ್ಕೆ ಹೋಗಿ, ಒಂದೊಂದು ಚಿತ್ರದ ಮುಂದೆಯೂ ನಿಂತು, ಮನೆಗೆ ಬಂದು ಕೈಯಲ್ಲಿ ಪತ್ರ ಬರೆದಿದ್ದೀರಿ. ಇಂಥ ಓದುಗರು ಇರುವುದರಿಂದಲೇ ಈ ಪತ್ರಿಕೆ ನಡೆಯುತ್ತಿದೆ. ನಿಮ್ಮ ಮಾತಿನಲ್ಲಿ ನ್ಯಾಯವೂ ಇದೆ. ಬಟ್ಟೆ ಗಿರಣಿಗಳಿಂದ ಬೆಳೆದ ಊರು ಇದು. ಆ ಚಿಮಣಿಗಳನ್ನು ಯಾರಾದರೂ ಬರೆಯಲೇಬೇಕು. ಒಪ್ಪಿದೆ.

ಆದರೆ "ಎರವಲು" ಅಂದಿರಲ್ಲ, ಅದು ನನಗೆ ಚುಚ್ಚಿತು.

ಒಳಗೆ ಹೋದರೆ ಎಡಗಡೆ ಗೋಡೆಯಲ್ಲಿ ಒಂದೇ ಅಳತೆಯ ಹನ್ನೊಂದು ಪೆನ್ಸಿಲ್ ಚಿತ್ರ ಇದ್ದವು, ನೆನಪಿದೆಯಾ? ಎಲ್ಲದರಲ್ಲೂ ಒಂದೇ ಶಂಖ. ಪಕ್ಕೆ ಒಡೆದದ್ದು. ಒಡೆದ ಜಾಗದಲ್ಲಿ ಒಳಗಿನ ಕಂಬ ಕಾಣುತ್ತದೆ. ಆ ಕಂಬದ ಮೇಲೆ ಸೀರೆ ನೆರಿಗೆ ಹಾಗೆ ಮೂರ್ನಾಲ್ಕು ಮಡಿಕೆ. ಬರೆದವಳು ಜಗಳೂರು ಕಡೆಯ ಹುಡುಗಿ. "ಒಂದನ್ನೇ ಹನ್ನೊಂದು ಸಲ ಯಾಕಮ್ಮ?" ಅಂತ ಕೇಳಿದೆ. "ಬಾಯಿ ಅಂಚು ಸರಿ ಬರ್ತಾ ಇರಲಿಲ್ಲ ಸಾರ್. ಹನ್ನೊಂದನೇದರಲ್ಲಿ ಬಂತು" ಅಂದಳು. ಶಂಖ ಅವಳ ಅಜ್ಜಿ ಮನೆಯದಂತೆ. ಬಿರುಕು ಬಿಟ್ಟ ಮೇಲೆ ಪೂಜೆಗೆ ಬಾರದು ಅಂತ ಅಟ್ಟಕ್ಕೆ ಹಾಕಿದ್ದರಂತೆ.

ಅವಳು ಕಡಲು ನೋಡಿಲ್ಲ, ನಿಜ. ಆದರೆ ಅವಳು ಕಡಲನ್ನು ಬರೆಯಲೂ ಇಲ್ಲವಲ್ಲ! ಅಟ್ಟದಿಂದ ಇಳಿಸಿದ ಶಂಖವನ್ನು ಅಂಗೈಯಲ್ಲಿ ಇಟ್ಟುಕೊಂಡು ಬರೆದಳು. ಇದರಲ್ಲಿ ಎರವಲು ಯಾವುದು?

ಆ ಹುಡುಗಿ ಬಾಯಿ ಅಂಚಿಗೆ ಯಾಕೆ ಅಷ್ಟು ಒದ್ದಾಡಿದಳು ಅಂತ ಆಮೇಲೆ ನನಗೆ ಹೊಳೆಯಿತು. ಶಂಖದ ಹುಳ ಬೆಳೆಯುವುದೇ ಆ ಅಂಚಿನಲ್ಲಿ. ಮೈ ದೊಡ್ಡದಾದಂತೆ ಬಾಯಿಯ ಸುತ್ತ ಸುಣ್ಣ ಸೇರಿಸುತ್ತಾ ಹೋಗುತ್ತದೆ. ತುದಿಯ ಚೂಪು ಭಾಗ ಅದರ ಎಳವೆ, ಅಗಲ ಬಾಯಿ ಅದರ ಪ್ರಾಯ. ಹುಟ್ಟಿದ ಮನೆ ಬಿಡದೆ, ಅದಕ್ಕೇ ಕೋಣೆ ಕಟ್ಟಿಕೊಳ್ಳುತ್ತಾ ಬಾಳುವ ಜೀವ. ಅಂಚು ತಪ್ಪಿದರೆ ಇಡೀ ಶಂಖ ತಪ್ಪುತ್ತದೆ. ಅವಳಿಗೆ ಇದನ್ನು ಪುಸ್ತಕ ಹೇಳಿಕೊಟ್ಟಿರಲಿಲ್ಲ, ಪೆನ್ಸಿಲ್ ಹೇಳಿಕೊಟ್ಟಿತು.

ಇನ್ನು ಕವಡೆ. ನಮ್ಮಜ್ಜಿ ಚಿತ್ರದುರ್ಗದ ಮನೆಯ ಪಡಸಾಲೆಯಲ್ಲಿ ಸೀಮೆಸುಣ್ಣದಲ್ಲಿ ಮನೆ ಎಳೆದು ಚೌಕಾಬಾರ ಆಡುತ್ತಿದ್ದಳು. ನಾಲ್ಕೂ ಬಾಯಿ ಮೇಲಾದರೆ ಚೌಕ, ನಾಲ್ಕೂ ಮಕಾಡೆ ಬಿದ್ದರೆ ಬಾರ, ಅಂದರೆ ಎಂಟು. ಆ ನಾಲ್ಕು ಕವಡೆ ಈಗ ನನ್ನ ಮೇಜಿನ ಖಾನೆಯಲ್ಲಿವೆ. ಅಂಚಿನ ಹಲ್ಲು ಸವೆದಿವೆ, ಬೆನ್ನಿನ ಹೊಳಪು ಹೋಗಿಲ್ಲ. ಜೀವ ಇದ್ದಾಗ ಆ ಹುಳ ತನ್ನ ಮೈಯ ತೆಳು ಪದರವನ್ನು ಹೊರಗೆ ಚಾಚಿ ಚಿಪ್ಪಿಗೇ ಹೊದಿಸುತ್ತದಂತೆ, ಆ ಹೊಳಪು ಅದರಿಂದ ಬಂದದ್ದು. ಮಾಲ್ಡೀವ್ಸ್‌ನಿಂದ ಹಡಗಿನಲ್ಲಿ ಬಂದ ಕವಡೆ ಬಂಗಾಳದಲ್ಲಿ ನೂರಾರು ವರ್ಷ ದುಡ್ಡಾಗಿ ಓಡಾಡಿತು. "ಕವಡೆ ಕಾಸಿನ ಕಿಮ್ಮತ್ತಿಲ್ಲ" ಅಂತ ಸಿಟ್ಟಿನಲ್ಲಿ ಬೈಯುವಾಗ ನಾವು ಆ ಕಾಲವನ್ನೇ ಬಾಯಲ್ಲಿ ಇಟ್ಟುಕೊಂಡಿರುತ್ತೇವೆ. ಉಚ್ಚಂಗಿದುರ್ಗದ ಭರತ ಹುಣ್ಣಿಮೆ ಜಾತ್ರೆಗೆ ನೀವೂ ಹೋಗಿರುತ್ತೀರಿ. ಜೋಗತಿಯರ ಕೊರಳಿನ ಕವಡೆ ಸರ ನೋಡಿ ಯಾರಾದರೂ "ಇದು ನಮ್ಮ ಕಡೆಯದಲ್ಲ" ಅಂದರಾ? ಬಾಗಿಲಿಗೆ ಬಂದು ಶಂಖ ಊದುವ ದಾಸಯ್ಯನನ್ನು ಯಾರಾದರೂ ಕರಾವಳಿಗೆ ಹೋಗು ಅಂದರಾ?

ಕಡಲು ನಮಗೆ ದೂರ ಅನ್ನುವುದೂ ಪೂರ್ತಿ ನಿಜವಲ್ಲ ಮೇಷ್ಟ್ರೇ. ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಗೆ ಒಮ್ಮೆ ಹೋಗಿ ಬನ್ನಿ. ಅಲ್ಲಿ ದಿಂಬುಗಳನ್ನು ಒಂದರ ಮೇಲೊಂದು ಒಟ್ಟಿದ ಹಾಗೆ ಕಪ್ಪು ಬಂಡೆಗಳಿವೆ. ನೀರಿನ ಅಡಿಯಲ್ಲಿ ಉಕ್ಕಿದ ಲಾವಾ ಥಟ್ಟನೆ ತಣ್ಣಗಾದಾಗ ಮಾತ್ರ ಬರುವ ಆಕಾರ ಅದು. ಸುಮಾರು 250 ಕೋಟಿ ವರ್ಷ ಹಳೆಯದು, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಚಿಪ್ಪು ಕಟ್ಟುವ ಜೀವಿಗಳು ಭೂಮಿಗೆ ಬಂದು ಸುಮಾರು 54 ಕೋಟಿ ವರ್ಷ ಆಗಿದೆ ಅಷ್ಟೇ. ಅಂದರೆ ಮೊದಲ ಚಿಪ್ಪು ಹುಟ್ಟುವುದಕ್ಕೂ ಎಷ್ಟೋ ಮೊದಲೇ ನಮ್ಮ ಬಯಲುಸೀಮೆಯಲ್ಲಿ ಕಡಲಿತ್ತು. ಇತ್ತೀಚಿನದು ಬೇಕಾದರೆ ಚಂದ್ರವಳ್ಳಿ ಇದೆ. ಅಲ್ಲಿ ಮಣ್ಣಿನಲ್ಲಿ ರೋಮ್‌ನ ಬೆಳ್ಳಿ ನಾಣ್ಯ ಸಿಕ್ಕಿವೆ. ಅವು ಕಡಲು ದಾಟದೆ ದುರ್ಗಕ್ಕೆ ಹೇಗೆ ಬಂದಾವು?

ಹಾಲೆಂಡಿನ ರೆಂಬ್ರಾಂಟ್ 1650ರಲ್ಲಿ ಒಂದು ಚಿಪ್ಪನ್ನು ತಾಮ್ರದ ತಗಡಿನ ಮೇಲೆ ಕೊರೆದು ಅಚ್ಚು ಹಾಕಿದ. ಕಪ್ಪು ಮೈಮೇಲೆ ಬಿಳಿ ಮಚ್ಚೆಯ ಚಿಪ್ಪು. ಅದು ಅವನ ನಾಡಿನ ಕಡಲಿನದಲ್ಲ, ಹಿಂದೂ ಮಹಾಸಾಗರ ಮತ್ತು ಪೆಸಿಫಿಕ್ ಕಡೆಯದು. ಒಂದು ತಪ್ಪೂ ಆಯಿತು. ಅಚ್ಚಿನಲ್ಲಿ ಎಡಬಲ ಅದಲುಬದಲಾಗುತ್ತದೆ ಅಂತ ತನ್ನ ಹೆಸರನ್ನು ಉಲ್ಟಾ ಕೊರೆದ, ಚಿಪ್ಪನ್ನು ಮಾತ್ರ ಇದ್ದ ಹಾಗೇ ಕೊರೆದ. ಹಾಗಾಗಿ ಅಚ್ಚಿನಲ್ಲಿ ಅದು ತಿರುಗಬೇಕಾದ ದಿಕ್ಕಿಗೆ ತಿರುಗಿಲ್ಲ. ಆದರೂ ಮುನ್ನೂರೈವತ್ತು ವರ್ಷ ಮೀರಿ ಜನ ಅದನ್ನು ನೋಡುತ್ತಲೇ ಇದ್ದಾರೆ. ಅಷ್ಟು ದೂರ ಯಾಕೆ, ನಮ್ಮ ಹಿರಿಯೂರು ತಾಲ್ಲೂಕಿನ ಹರ್ತಿಕೋಟೆಯ ಪಿ.ಆರ್. ತಿಪ್ಪೇಸ್ವಾಮಿ ಅವರು ಒಣ ಸೀಮೆಯಲ್ಲಿ ಹುಟ್ಟಿ ಮಲೆನಾಡಿನ ಹಸಿರನ್ನು ಬರೆದರು. ಅದೇ ಕಣ್ಣಿನಿಂದ ಹಳ್ಳಿಯ ಹಳೇ ಸಾಮಾನುಗಳನ್ನು ಗುರುತಿಸಿ ಮೈಸೂರಿನ ಜಾನಪದ ವಸ್ತುಸಂಗ್ರಹಾಲಯಕ್ಕೆ ಸೇರಿಸಿದರು. ಹೊರಗಿನದನ್ನು ನೋಡಿದ್ದರಿಂದ ಒಳಗಿನದು ಅವರಿಗೆ ಮಸುಕಾಗಲಿಲ್ಲ.

ಈಗ ನಿಮಗೇ ಒಂದು ಮಾತು ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ಶಾಲೆಯಲ್ಲಿ ಡ್ರಾಯಿಂಗ್ ಪೀರಿಯಡ್ ಎಷ್ಟು ದಿನ ನಿಜವಾಗಿ ನಡೆಯಿತು? ನಮ್ಮ ಹೈಸ್ಕೂಲಿನಲ್ಲಿ ಅದು ಶುಕ್ರವಾರದ ಕೊನೇ ಪೀರಿಯಡ್. ದಸರಾ ರಜೆ ಮುಗಿದ ಮೇಲೆ ಗಣಿತಕ್ಕೆ ಹೋಯಿತು, ಮತ್ತೆ ವಾಪಸ್ ಬರಲಿಲ್ಲ. ಅದು ಇದ್ದಾಗಲೂ ನಾವು ಬರೆದದ್ದು ಏನು? ಎರಡು ತ್ರಿಕೋನ ಗುಡ್ಡ, ನಡುವೆ ಸೂರ್ಯ, ಒಂದು ನದಿ, ಒಂದು ತೆಂಗಿನ ಮರ, ಗುಡಿಸಲು. ಕಿಟಕಿಯಾಚೆ ದುರ್ಗದ ಬೆಟ್ಟ ನಿಂತಿತ್ತು. ಒಂದರ ಮೇಲೊಂದು ಕೂತ ಆ ಗುಂಡುಗಳ ಹಾಗೆ ಬಂಡೆ ಬೇರೆ ಎಲ್ಲಿದೆ? ನಲವತ್ತು ಮಕ್ಕಳಲ್ಲಿ ಒಬ್ಬರೂ ಅದನ್ನು ಬರೆಯಲಿಲ್ಲ. ನೋಡಿ ಬರೆಯಿರಿ ಅಂತ ಯಾರೂ ಹೇಳಲಿಲ್ಲ. ನೀವು ಕೇಳುವ ಮೆಕ್ಕೆಜೋಳದ ತೆನೆ ಗೋಡೆಗೆ ಯಾಕೆ ಬರಲಿಲ್ಲ ಅಂದರೆ ಕಾರಣ ಇದು. ಚಿಪ್ಪಿನ ಮೇಲೆ ತಪ್ಪು ಹೊರಿಸಬೇಡಿ. ಒಂದು ಅಂಚಿಗಾಗಿ ಹನ್ನೊಂದು ಸಲ ಕೂರುವ ಹುಡುಗಿ ನಾಳೆ ತೆನೆಯ ಸಾಲನ್ನೂ ಹಾಗೇ ಎಣಿಸುತ್ತಾಳೆ.

ಇನ್ನೂ ಒಂದು ನೋವಿದೆ. ಅರ್ಧ ಶತಮಾನಕ್ಕೂ ಜಾಸ್ತಿ ಕಾಲದಿಂದ ಚಿತ್ರಕಲೆ ಕಲಿಸುತ್ತಾ ಬಂದ ಊರು ದಾವಣಗೆರೆ. ಎಷ್ಟು ಕೈಗಳು ಇಲ್ಲಿ ತಯಾರಾಗಿ ಹೊರಗೆ ಹೋಗಿವೆ! ಆದರೆ ಶಂಖದಿಂದ ಬಂದರೇ ತೀರ್ಥ ಅನ್ನುವ ಹಾಗೆ ಬೆಂಗಳೂರಿನಲ್ಲಿ ತೂಗು ಹಾಕಿದರೇನೇ ನಮಗೆ ಅದು ಕಲೆ. ಊರಲ್ಲಿ ಪ್ರದರ್ಶನ ಆದರೆ ದೀಪ ಹಚ್ಚಿದವರ ಫೋಟೊ, ವೇದಿಕೆ ಮೇಲೆ ಇದ್ದವರ ಹೆಸರು ಬರುತ್ತದೆ. ಬರೆದವರ ಹೆಸರು "ಮುಂತಾದವರು" ಅನ್ನುವುದರಲ್ಲಿ ಮುಳುಗಿಹೋಗುತ್ತದೆ. ಬಂದವರು ಚಿತ್ರಕ್ಕೆ ಬೆನ್ನು ಮಾಡಿ ಸೆಲ್ಫಿ ತೆಗೆದುಕೊಂಡು ಹೋಗುತ್ತಾರೆ. ನೀವು ಚಿತ್ರಕ್ಕೆ ಮುಖ ಮಾಡಿ ನಿಂತಿರಿ, ಜಗಳಕ್ಕೂ ಬಂದಿರಿ. ನನಗೆ ಅದು ಬೇಕು.

ಮುಂದಿನ ಸಂಚಿಕೆಯ ಹಿಂಬದಿ ರಕ್ಷಾಪುಟಕ್ಕೆ ಆ ಹುಡುಗಿಯ ಹನ್ನೊಂದನೇ ಚಿತ್ರ ಹಾಕುತ್ತಿದ್ದೇವೆ, ಅವಳ ಹೆಸರಿನ ಜೊತೆಗೆ. ಪಕ್ಕದಲ್ಲಿ ಚಿಕ್ಕದಾಗಿ ಮೊದಲನೆಯದೂ ಇರುತ್ತದೆ. ಎರಡರ ಬಾಯಿ ಅಂಚನ್ನೂ ಹತ್ತಿರ ಹಿಡಿದು ನೋಡಿ ಮೇಷ್ಟ್ರೇ. ಏನು ಕಂಡಿತು ಅಂತ ಬರೆಯಿರಿ, ಕಾಯುತ್ತಿರುತ್ತೇನೆ.

— ಸಂಪಾದಕ